ಭೂಕಂಪ ಸಂತ್ರಸ್ತರಿಗೆ ನೆರವು: ಹೇಗೆ ಕೊಡಬೇಕು, ಯಾವಾಗ ಕೊಡಬೇಕು

ಎಲ್ಲೋ ನೆಲ ನಡುಗಿದ ಸುದ್ದಿ ಬಂದ ಮಾರನೆಯ ದಿನವೇ ನಮ್ಮ ಬಾಗಲೂರಿನಂಥ ಊರುಗಳಲ್ಲೂ ದಾನದ ಮಾತು ಶುರುವಾಗುತ್ತದೆ. ಶಾಲೆಗಳಲ್ಲಿ ಮಕ್ಕಳಿಗೆ ಹತ್ತಿಪ್ಪತ್ತು ರೂಪಾಯಿ ತರಲು ಹೇಳುತ್ತಾರೆ. ಬಸ್ ಸ್ಟ್ಯಾಂಡಿನ ಹತ್ತಿರ ಹುಡುಗರು ಡಬ್ಬಿ ಹಿಡಿದು ನಿಲ್ಲುತ್ತಾರೆ. ಹೊಸೂರಿನ ಕಾರ್ಖಾನೆಗಳಲ್ಲಿ ಒಂದು ದಿನದ ಸಂಬಳ ಕೊಡುವ ವಿಚಾರ ಕಾರ್ಮಿಕ ಸಂಘದವರೆಗೆ ಹೋಗುತ್ತದೆ. ಇದು ಗಡಿಯ ಊರು, ಹೊಸೂರಿನಿಂದ ಮಾಲೂರಿಗೆ ಹೋಗುವ ದಾರಿ. ಆದ್ದರಿಂದ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮನವಿಗಳು ಮೊಬೈಲಿಗೆ ಬಂದು ಬೀಳುತ್ತವೆ, ಜೊತೆಗೊಂದು ಕ್ಯೂಆರ್ ಕೋಡ್. ಗುಲಾಬಿ ಬೆಳೆಯುವವರು, ಕೋಸು, ಟೊಮೆಟೊ ಬೆಳೆಯುವವರು, ಪಾಳಿಯಲ್ಲಿ ದುಡಿಯುವವರು ಯಾರೂ ಇಲ್ಲವೆನ್ನುವುದಿಲ್ಲ. ಕೊಡುವ ಮನಸ್ಸಿಗೆ ಇಲ್ಲಿ ಬರವಿಲ್ಲ.

ಕೊಟ್ಟದ್ದು ಯಾರಿಗೆ ತಲುಪಿತು, ಯಾವ ರೂಪದಲ್ಲಿ ತಲುಪಿತು, ಬೇಕಾದ ಹೊತ್ತಿಗೆ ತಲುಪಿತೇ ಎಂದು ಆಮೇಲೆ ವಿಚಾರಿಸುವವರು ಕಡಿಮೆ. 1993ರ ಕಿಲ್ಲಾರಿಯಿಂದ ಹಿಡಿದು 2025ರ ಮ್ಯಾನ್ಮಾರ್‌ವರೆಗಿನ ಭೂಕಂಪಗಳನ್ನೂ ಅವುಗಳ ಹಿಂದೆ ಹರಿದ ನೆರವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮನೆ ಕಳೆದುಕೊಂಡವರಿಗೆ ಹೆಚ್ಚು ಹಣ ಬೇಕಾಗುವುದು ಎರಡನೆಯ ವರ್ಷದಲ್ಲಿ. ನಮ್ಮ ಹಣ ಹೆಚ್ಚುಕಡಿಮೆ ಎಲ್ಲವೂ ಹೋಗುವುದು ಮೊದಲ ಎರಡು ವಾರಗಳಲ್ಲಿ. ದಾನದ ದಾರಿಗಳನ್ನು ಅಳೆಯುವಾಗ ಈ ಅಂತರವನ್ನೇ ಮುಂದಿಟ್ಟುಕೊಳ್ಳಬೇಕು ಎಂಬುದು ನನ್ನ ವಾದ.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಕಿಲ್ಲಾರಿಯೇ. ಲಾತೂರ್ ಜಿಲ್ಲೆಯ ಆ ಊರು ನಮ್ಮ ಬಸವಕಲ್ಯಾಣ, ಆಳಂದಗಳ ಕಡೆಯಿಂದ ಬಹಳ ದೂರವಿಲ್ಲ. 1993ರ ಸೆಪ್ಟೆಂಬರ್ 30ರ ನಸುಕು. ಹಿಂದಿನ ರಾತ್ರಿ ಅನಂತ ಚತುರ್ದಶಿ, ಗಣಪತಿ ಬಿಟ್ಟು ಬಂದು ಜನ ತಡವಾಗಿ ಮಲಗಿದ್ದರು. ನಾಲ್ಕು ಗಂಟೆಗೆ ಕೆಲವೇ ನಿಮಿಷ ಇರುವಾಗ ನೆಲ ನಡುಗಿತು. ತೀವ್ರತೆ 6.2. ಜಗತ್ತಿನ ಲೆಕ್ಕದಲ್ಲಿ ಇದು ಮಹಾ ಭೂಕಂಪವೇನಲ್ಲ, ಆದರೂ ಸತ್ತವರು ಹತ್ತಿರ ಹತ್ತಿರ 10 ಸಾವಿರ. ಕೊಂದದ್ದು ಮನೆಗಳು. ಕಲ್ಲು ಮತ್ತು ಮಣ್ಣು ಸೇರಿಸಿ ಕಟ್ಟಿದ ದಪ್ಪ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಬಿಸಿಲು ತಡೆಯಲು ವರ್ಷ ವರ್ಷವೂ ಹೇರಿದ ಮಣ್ಣು. ಕಲಬುರಗಿ, ಬೀದರ್ ಕಡೆಯ ಹಳೆಯ ಮಾಳಿಗೆ ಮನೆ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಗೋಡೆ ಬಾಯಿಬಿಟ್ಟಾಗ ಆ ಮಾಳಿಗೆಯ ಭಾರವೆಲ್ಲ ಮಲಗಿದ್ದವರ ಮೇಲೆ ಬಂತು.

ಆಗ ದೇಶದ ಮೂಲೆಮೂಲೆಯಿಂದ ನೆರವು ಹರಿದು ಬಂತು. ವಿಶ್ವ ಬ್ಯಾಂಕಿನ ಸಾಲದೊಂದಿಗೆ ಮಹಾರಾಷ್ಟ್ರ ಸರ್ಕಾರ ದೊಡ್ಡ ಪುನರ್ವಸತಿ ಯೋಜನೆ ಕೈಗೊಂಡಿತು. ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಸಾಗಿಸಲಾಯಿತು. ಅವುಗಳಲ್ಲಿ ಹಲವನ್ನು ದಾನಿ ಸಂಸ್ಥೆಗಳು, ಕಂಪನಿಗಳು ದತ್ತು ತೆಗೆದುಕೊಂಡು ಕಟ್ಟಿಸಿದವು. ಉದ್ದೇಶದಲ್ಲಿ ಕೊರತೆಯಿರಲಿಲ್ಲ. ಆದರೆ ಚೌಕಟ್ಟು ಹಾಕಿದಂತೆ ಸಾಲಾಗಿ ನಿಂತ ಕಾಂಕ್ರೀಟ್ ಮನೆಗಳಲ್ಲಿ ದನ ಕಟ್ಟಲು ಜಾಗವಿರಲಿಲ್ಲ, ಕಾಳು ತುಂಬಿಡಲು ಮೂಲೆಯಿರಲಿಲ್ಲ, ಹೊಲ ದೂರವಾಯಿತು, ಬಂಧುಗಳ ಮನೆಗಳ ನಡುವಿನ ಓಣಿ ಮಾಯವಾಯಿತು. ಮುಂದೆ ಹೋಗಿ ಅಧ್ಯಯನ ಮಾಡಿದವರು ಬರೆದಿಟ್ಟಿದ್ದು ಇದನ್ನೇ: ಜನರನ್ನು ಕೇಳದೆ ಗುತ್ತಿಗೆದಾರರಿಂದ ಕಟ್ಟಿಸಿಕೊಟ್ಟ ಮನೆಗಳನ್ನು ಜನ ತಮಗೆ ಬೇಕಾದಂತೆ ಒಡೆದು, ಸೇರಿಸಿ, ಬದಲಿಸಿಕೊಂಡರು, ಎಷ್ಟೋ ಕಡೆ ಶೌಚಾಲಯ ಸಾಮಾನು ತುಂಬುವ ಕೋಣೆಯಾಯಿತು.

ಕಿಲ್ಲಾರಿಯ ನೆರವಿನಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಬೇರೊಂದು ಕೆಲಸ. ಪುಣೆಯ ಭಾರತೀಯ ಜೈನ ಸಂಘಟನೆ, ಶಾಂತಿಲಾಲ್ ಮುತ್ತಾ ಅವರ ಮುಂದಾಳತ್ವದಲ್ಲಿ, ಭೂಕಂಪಪೀಡಿತ ಹಳ್ಳಿಗಳ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿತು. ವಾಘೋಳಿಯಲ್ಲಿ ಅದಕ್ಕೆಂದೇ ಶಾಲೆ, ವಸತಿ ಎದ್ದವು. ಟಿ.ವಿ. ಕ್ಯಾಮೆರಾಗಳು ಹೊರಟುಹೋದ ಎಷ್ಟೋ ವರ್ಷಗಳ ನಂತರವೂ ಆ ಮಕ್ಕಳಿಗೆ ಊಟ, ಪುಸ್ತಕ, ಫೀಸು ಬೇಕಿತ್ತು, ಸಿಕ್ಕಿತು. ಒಂದು ದುರಂತಕ್ಕೆ ಹತ್ತು ವರ್ಷ ಕೊಡಬಲ್ಲ ಸಂಸ್ಥೆ ಯಾವುದು ಎಂದು ಹುಡುಕಿ ಕೊಡುವುದು ಯಾವುದೇ ಒಂದು ದಿನದ ಸಂಗ್ರಹಕ್ಕಿಂತ ದೊಡ್ಡ ಕೆಲಸ.

ಏಳು ವರ್ಷಗಳ ನಂತರ, 2001ರ ಜನವರಿ 26ರಂದು ಕಛ್ ನಡುಗಿತು. ತೀವ್ರತೆ 7.7. ಗುಜರಾತ್ ಸರ್ಕಾರದ ಲೆಕ್ಕದಲ್ಲೇ ಸತ್ತವರು 13 ಸಾವಿರ ದಾಟಿದರು, ಬೇರೆ ಅಂದಾಜುಗಳು 20 ಸಾವಿರದವರೆಗೆ ಹೋಗುತ್ತವೆ. ಅಲ್ಲಿ ಕಿಲ್ಲಾರಿಯ ಪಾಠ ಕೆಲಸಕ್ಕೆ ಬಂತು. ಬಹುಪಾಲು ಕುಟುಂಬಗಳಿಗೆ ಕಂತು ಕಂತಾಗಿ ಹಣ ಕೊಟ್ಟು, ಎಂಜಿನಿಯರುಗಳು ಬಂದು ನೋಡಿದ ಮೇಲೆ ಮುಂದಿನ ಕಂತು ಬಿಡುಗಡೆ ಮಾಡಿ, ಮನೆಯನ್ನು ಅವರಿಂದಲೇ ಕಟ್ಟಿಸಲಾಯಿತು. ಕಛ್‌ನ ಸಂಸ್ಥೆಗಳ ಒಕ್ಕೂಟ ಅಭಿಯಾನ್, ಭೂಕಂಪದ ನಂತರ ಭುಜ್‌ನಲ್ಲಿ ಹುಟ್ಟಿದ ಹುನ್ನರ್‌ಶಾಲಾ, ಸೇವಾ ಮಹಿಳಾ ಸಂಘಟನೆ ಇಂಥವು ಗಾರೆ ಕೆಲಸದವರಿಗೆ ತರಬೇತಿ ಕೊಟ್ಟವು, ಮೂಲೆಗೆ ಕಬ್ಬಿಣ ಹೇಗೆ ಹಾಕಬೇಕು, ಕಿಟಕಿಯ ಮಟ್ಟದಲ್ಲಿ ಪಟ್ಟಿ ಹೇಗೆ ಹಾಯಿಸಬೇಕು ಎಂದು ತೋರಿಸಿದವು. ಕಛ್‌ನ ದುಂಡನೆಯ ಮಣ್ಣಿನ ಮನೆ ಭುಂಗಾ ಭೂಕಂಪವನ್ನು ಚೆನ್ನಾಗಿ ತಡೆದುಕೊಂಡಿದ್ದನ್ನು ಗಮನಿಸಿ, ಆ ಆಕಾರವನ್ನೇ ಗಟ್ಟಿ ಮಾಡಿ ಮತ್ತೆ ಕಟ್ಟಿದರು. ಗುತ್ತಿಗೆದಾರರು ಕಟ್ಟಿದ ಕಾಲೋನಿಗಳಿಗಿಂತ ತಾವೇ ಕಟ್ಟಿಕೊಂಡ ಮನೆಗಳ ಬಗ್ಗೆ ಜನ ಹೆಚ್ಚು ತೃಪ್ತರಾಗಿದ್ದಾರೆಂದು ನಂತರದ ಅಧ್ಯಯನಗಳು ಹೇಳಿದವು. ಅಲ್ಲಿಯೂ ಜಾತಿ, ಧರ್ಮ ನೋಡಿ ನೆರವು ಹಂಚಿದ ದೂರುಗಳು ದಾಖಲಾಗಿವೆ. ಹಾಗಾಗಿ ಹಣ ಕೊಡುವ ಮುನ್ನ ಸಂಸ್ಥೆಗೆ ಕೇಳಬೇಕಾದ ಮೊದಲ ಪ್ರಶ್ನೆ: ಊರಿನ ಕೊನೆಯ ಕೇರಿಗೂ ಹೋಗುತ್ತೀರಾ?

ಇನ್ನು ಸಾಮಾನು. ಭೂಕಂಪವೆಂದರೆ ಮನೆಯ ಅಟ್ಟದಿಂದ ಹಳೆ ಬಟ್ಟೆ ಇಳಿಯುವುದು ನಮ್ಮಲ್ಲಿ ರೂಢಿ. ಅಂಥ ಒಂದು ಮೂಟೆ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ: ಗುಂಡಿ ಕಿತ್ತ ಶರ್ಟು, ಜಿಪ್ಪು ಹೋದ ಪ್ಯಾಂಟು, ಲಾಡಿಯಿಲ್ಲದ ಲಂಗ, ಒಂಟಿ ಚಪ್ಪಲಿ, ಮದುವೆಯಲ್ಲಿ ಉಡುವ ಜರಿ ಸೀರೆ, ಚಳಿಯ ಊರಿಗೆ ತೆಳು ನೈಟಿ. 2004ರ ಸುನಾಮಿಯ ಹೊತ್ತಿಗೆ ತಮಿಳುನಾಡಿನ ಕರಾವಳಿಯಲ್ಲಿ ಇಂಥ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ರಾಶಿಯಾಗಿ ಬಿದ್ದಿತ್ತು. ಎಲ್ಲವನ್ನೂ ಕಳೆದುಕೊಂಡ ಮೀನುಗಾರರು ಕೂಡ ಅದನ್ನು ಮುಟ್ಟಲಿಲ್ಲ, ಏಕೆಂದರೆ ಅವರಿಗೂ ಮಾನವಿದೆ. ಆ ರಾಶಿಯನ್ನು ಬೇರ್ಪಡಿಸಿ ಬಳಕೆಗೆ ತಂದವರಲ್ಲಿ ದೆಹಲಿಯ ಗೂಂಜ್ ಸಂಸ್ಥೆ ಮುಖ್ಯವಾದುದು. ಅದರ ಸ್ಥಾಪಕ ಅಂಶು ಗುಪ್ತಾ 1991ರ ಉತ್ತರಕಾಶಿ ಭೂಕಂಪದಲ್ಲಿ ವಿದ್ಯಾರ್ಥಿಯಾಗಿ ಕೆಲಸ ಮಾಡಿ ಬಟ್ಟೆಯ ಅಗತ್ಯವನ್ನು ಕಂಡವರು. 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಬಟ್ಟೆಯನ್ನು ತೊಳೆದು, ಹೊಲಿದು, ಊರಿನ ಚಳಿ, ಉಡುಗೆ ನೋಡಿ ಕಟ್ಟು ಕಟ್ಟುವ ವ್ಯವಸ್ಥೆ ಇರುವ ಸಂಸ್ಥೆಗೆ ಸಾಮಾನು ಕೊಡುವುದು ಸರಿ. ಸಿಕ್ಕ ಲಾರಿಗೆ ತುಂಬಿ ಕಳಿಸುವುದು ತಪ್ಪು.

ಔಷಧಿಯ ಕತೆ ಇದಕ್ಕಿಂತ ಗಂಭೀರ. 1988ರ ಅರ್ಮೇನಿಯಾ ಭೂಕಂಪಕ್ಕೆ ಜಗತ್ತಿನಿಂದ 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಬಂತು. ಬಂದದ್ದೇನೆಂದು ಸ್ಪಷ್ಟವಾಗಿ ತಿಳಿಯಲು 50 ಜನರಿಗೆ 6 ತಿಂಗಳು ಹಿಡಿಯಿತು. ಅದರಲ್ಲಿ ಶೇ 8ರಷ್ಟು ಬರುವಷ್ಟರಲ್ಲೇ ಅವಧಿ ಮೀರಿತ್ತು. ಈ ಅನುಭವವನ್ನು ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನದ ಮಾರ್ಗಸೂಚಿಯಲ್ಲೇ ಬರೆದಿಟ್ಟಿದೆ. ಮನೆಯಲ್ಲಿ ಉಳಿದ ಮಾತ್ರೆಗಳ ಪಟ್ಟಿಯನ್ನು ಸಂಗ್ರಹದ ಪೆಟ್ಟಿಗೆಗೆ ಹಾಕುವವರು ಇದನ್ನು ನೆನಪಿಡಬೇಕು. ಹಣ ಹೋದರೆ ಅಲ್ಲಿನ ಅಂಗಡಿಯಲ್ಲೇ ಟಾರ್ಪಾಲು, ಅಕ್ಕಿ, ಸ್ಯಾನಿಟರಿ ಪ್ಯಾಡ್ ಕೊಳ್ಳಬಹುದು. ಅಲ್ಲಿನ ಅಂಗಡಿಯವನೂ ಸಂತ್ರಸ್ತನೇ, ಅವನ ವ್ಯಾಪಾರವೂ ಎದ್ದು ನಿಲ್ಲುತ್ತದೆ.

ಹಣ ಕೊಡುವ ದಾರಿಗಳಲ್ಲಿ ಹಳೆಯದು ಸರ್ಕಾರದ ನಿಧಿಗಳು. ಪ್ರಧಾನ ಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ ಹುಟ್ಟಿದ್ದು 1948ರ ಜನವರಿಯಲ್ಲಿ, ವಿಭಜನೆಯ ನಿರಾಶ್ರಿತರಿಗಾಗಿ. ಇಂದು ಪ್ರಕೃತಿ ವಿಕೋಪಗಳಲ್ಲಿ ಸತ್ತವರ ಕುಟುಂಬಕ್ಕೂ ಅದರಿಂದ ನೆರವು ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ಬಂದದ್ದು ಪಿಎಂ ಕೇರ್ಸ್. ರಾಜ್ಯಗಳಿಗೆ ಮುಖ್ಯಮಂತ್ರಿ ಪರಿಹಾರ ನಿಧಿ ಇದೆ. ನಮ್ಮ ಊರಿನವರು ಚೆನ್ನೈನ ನಿಧಿಗೂ ಕೊಡುತ್ತಾರೆ, ಬೆಂಗಳೂರಿನ ನಿಧಿಗೂ ಕೊಡುತ್ತಾರೆ. ಆದರೆ ರಾಜ್ಯದ ನಿಧಿ ಮುಖ್ಯವಾಗಿ ಆ ರಾಜ್ಯದ ಕಷ್ಟಕ್ಕೆ. ಗುಜರಾತಿನ ಅಥವಾ ಉತ್ತರಾಖಂಡದ ಭೂಕಂಪಕ್ಕೆ ಕೊಡಬೇಕಿದ್ದರೆ ಆ ರಾಜ್ಯದ ಮುಖ್ಯಮಂತ್ರಿ ನಿಧಿಗೇ ನೇರವಾಗಿ ಕಳಿಸುವುದು ಸರಿಯಾದ ದಾರಿ. ಸರ್ಕಾರದ ನಿಧಿಯಲ್ಲಿ ಹಣ ಕಳುವಾಗುವ ಭಯ ಕಡಿಮೆ, ರಸೀದಿ ಖಚಿತ. ನಮ್ಮ ನೂರು ರೂಪಾಯಿ ಯಾವ ಹಳ್ಳಿಗೆ ಹೋಯಿತೆಂದು ಮಾತ್ರ ಹೇಳುವವರಿಲ್ಲ.

ಸರ್ಕಾರವೇ ಪರಿಹಾರ ಕೊಡುವಾಗ ದಾನ ಏಕೆ ಎನ್ನುವವರಿಗೆ ಒಂದು ಲೆಕ್ಕ. ರಾಜ್ಯ ವಿಪತ್ತು ಸ್ಪಂದನೆ ನಿಧಿಯ 2022ರಿಂದಿನ ಮಾನದಂಡದಲ್ಲಿ ಸಾವಿಗೆ 4 ಲಕ್ಷ ರೂಪಾಯಿ. ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1 ಲಕ್ಷದ 20 ಸಾವಿರ, ಬೆಟ್ಟದ ಊರಲ್ಲಿ 1 ಲಕ್ಷದ 30 ಸಾವಿರ. ಈ ಹಣದಲ್ಲಿ ಬಾಗಲೂರಿನಲ್ಲಿ ಇಂದು ಒಂದು ಕೋಣೆಯನ್ನಾದರೂ ಭೂಕಂಪ ತಡೆಯುವಂತೆ ಕಟ್ಟಲು ಆಗುತ್ತದೆಯೇ, ಗಾರೆ ಮೇಸ್ತ್ರಿಯನ್ನು ಕೇಳಿ ನೋಡಿ. ದಾನ ಕೆಲಸ ಮಾಡಬೇಕಾದ್ದು ಈ ಕೊರತೆಯಲ್ಲಿ.

ಸಂಸ್ಥೆಗಳ ಸಾಲು ಉದ್ದವಿದೆ. 1897ರಿಂದ ಪರಿಹಾರ ಕಾರ್ಯದಲ್ಲಿರುವ ರಾಮಕೃಷ್ಣ ಮಿಷನ್, 1920ರಲ್ಲಿ ಕಾಯ್ದೆಯಡಿ ರೂಪುಗೊಂಡ ಭಾರತೀಯ ರೆಡ್ ಕ್ರಾಸ್, ಚರ್ಚುಗಳ ಮೂಲಕ ಕೆಲಸ ಮಾಡುವ ಕಾರಿಟಾಸ್ ಇಂಡಿಯಾ, ಸೇವಾ ಭಾರತಿ, ಮನೆ ಕಟ್ಟುವುದರಲ್ಲಿ ಪಳಗಿದ ದೆಹಲಿಯ ಸೀಡ್ಸ್. ಕನ್ನಡ ಪತ್ರಿಕೆಗಳು ದೊಡ್ಡ ವಿಕೋಪಗಳಲ್ಲಿ ನಿಧಿ ತೆರೆದು, ಕೊಟ್ಟವರ ಹೆಸರು ಮೊತ್ತ ಅಚ್ಚು ಹಾಕುವ ಒಳ್ಳೆಯ ಪದ್ಧತಿ ಇಟ್ಟುಕೊಂಡಿವೆ. ಹಣ ಬಂದದ್ದೆಷ್ಟು ಎಂದು ಎಲ್ಲರೆದುರು ತಿಳಿಸುವುದು ನಂಬಿಕೆಯ ಮೊದಲ ಮೆಟ್ಟಿಲು. ಇವುಗಳಲ್ಲಿ ಯಾವುದು ಉತ್ತಮ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಭೂಕಂಪಕ್ಕೆ ಮೊದಲೇ ಆ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದ, ಅಲ್ಲಿನ ಭಾಷೆ ಆಡುವ ಸಂಸ್ಥೆಗೆ ನನ್ನ ಮೊದಲ ಮಣೆ.

ಆಡಳಿತದ ಖರ್ಚಿನ ಬಗ್ಗೆ ದಾನಿಗಳು ಸದಾ ಅನುಮಾನ ಪಡುತ್ತಾರೆ. ಈ ವಿಚಾರದಲ್ಲಿ 1934ರ ಬಿಹಾರ ಭೂಕಂಪದ ಒಂದು ಪ್ರಸಂಗ ಮರೆಯಲಾಗದ್ದು. ಜನವರಿ 15ರಂದು ಬಿಹಾರ ನಡುಗಿದಾಗ ಗಾಂಧೀಜಿ ದಕ್ಷಿಣದಲ್ಲಿ ಹರಿಜನ ಯಾತ್ರೆಯಲ್ಲಿದ್ದರು. ಕರ್ನಾಟಕವನ್ನೂ ಸುತ್ತಿ ಮಾರ್ಚ್‌ನಲ್ಲಿ ಬಿಹಾರಕ್ಕೆ ಹೋದರು. ಅಲ್ಲಿ ರಾಜೇಂದ್ರ ಪ್ರಸಾದರ ನೇತೃತ್ವದ ಪರಿಹಾರ ಸಮಿತಿಯ ಲೆಕ್ಕ ನೋಡುತ್ತಿದ್ದವರು ತಂಜಾವೂರಿನವರಾದ, ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತ ಜೆ. ಸಿ. ಕುಮಾರಪ್ಪ. ಸ್ವಯಂಸೇವಕರ ಊಟಕ್ಕೆ ದಿನಕ್ಕೆ 3 ಆಣೆ ಎಂದು ಅವರು ಕಟ್ಟು ಮಾಡಿದ್ದರು. ಗಾಂಧೀಜಿಯ ಪರಿವಾರ ಬಂದಾಗಲೂ ಆ ಖರ್ಚನ್ನು ಪರಿಹಾರ ನಿಧಿಯಿಂದ ಕೊಡಲು ಅವರು ಒಪ್ಪಲಿಲ್ಲ, ನೀವೇ ಭರಿಸಿಕೊಳ್ಳಿ ಎಂದು ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ಅವರಿಗೆ ಹೇಳಿದರು. ಗಾಂಧೀಜಿ ಕುಮಾರಪ್ಪನವರ ಪರ ನಿಂತರು. ಇದರಿಂದ ಆಡಳಿತಕ್ಕೆ ಒಂದು ಪೈಸೆಯೂ ಹೋಗಬಾರದೆಂದು ತಿಳಿಯಬೇಕಿಲ್ಲ. ಕುಮಾರಪ್ಪನವರಂಥ ಲೆಕ್ಕಿಗ ಇರುವುದಕ್ಕೇ ಖರ್ಚಾಗುತ್ತದೆ, ಎಂಜಿನಿಯರ್ ಬೇಕೆಂದರೆ ಸಂಬಳ ಬೇಕು. ಲೆಕ್ಕ ಬಿಚ್ಚಿ ತೋರಿಸುತ್ತಾರೆಯೇ ಎಂಬುದನ್ನು ನೋಡಬೇಕು. ಕಳೆದ ವರ್ಷದ ಲೆಕ್ಕಪರಿಶೋಧನೆಯ ವರದಿ ಕೇಳಿದರೆ ಒಳ್ಳೆಯ ಸಂಸ್ಥೆ ಮುಖ ಸಿಂಡರಿಸುವುದಿಲ್ಲ.

ರಸೀದಿಯನ್ನು ಓದುವುದನ್ನೂ ಕಲಿಯಬೇಕು. ಸಂಸ್ಥೆಯ ಪೂರ್ಣ ಹೆಸರು, ವಿಳಾಸ, ಪ್ಯಾನ್, ಆದಾಯ ತೆರಿಗೆಯ 80ಜಿ ನೋಂದಣಿ ಸಂಖ್ಯೆ, ನಮ್ಮ ಹೆಸರು, ಮೊತ್ತ, ಹಣ ಕೊಟ್ಟ ಬಗೆ, ಇಷ್ಟೂ ಇರಬೇಕು. ಖಾಸಗಿ ಸಂಸ್ಥೆಗಳಿಗೆ ಕೊಟ್ಟರೆ 2021–22ರಿಂದ 10ಬಿಇ ಎಂಬ ಪ್ರಮಾಣಪತ್ರವನ್ನೂ ಕೇಳಿ ಪಡೆಯಬೇಕು, ಅದಿಲ್ಲದೆ ತೆರಿಗೆ ವಿನಾಯಿತಿ ಸಿಗುವುದು ಕಷ್ಟ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ, ಸಾಮಾನಿಗೆ ಇಲ್ಲವೇ ಇಲ್ಲ. ಪ್ರಧಾನಿ, ಮುಖ್ಯಮಂತ್ರಿ ನಿಧಿಗಳಿಗೆ ಪೂರ್ತಿ ಮೊತ್ತಕ್ಕೆ, ಹೆಚ್ಚಿನ ಖಾಸಗಿ ಸಂಸ್ಥೆಗಳಿಗೆ ಅರ್ಧಕ್ಕೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ವಿನಾಯಿತಿ ಯಾವುದೂ ದೊರೆಯುವುದಿಲ್ಲ. ಹೊಸೂರಿನ ಸಂಬಳದಾರರಲ್ಲಿ ಆ ಪದ್ಧತಿಯವರು ರಸೀದಿಯನ್ನು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಸಾಕು.

ಮೋಸದವರು ಭೂಕಂಪಕ್ಕಿಂತ ಬೇಗ ಬರುತ್ತಾರೆ. 2020ರಲ್ಲಿ ಪಿಎಂ ಕೇರ್ಸ್ ಶುರುವಾದ ಕೆಲವೇ ದಿನಗಳಲ್ಲಿ ಒಂದಕ್ಷರ ಹೆಚ್ಚುಕಡಿಮೆ ಮಾಡಿದ ನಕಲಿ ಯುಪಿಐ ವಿಳಾಸಗಳು ಹರಿದಾಡಿದವು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ. ಸಂಸ್ಥೆಯ ಹೆಸರನ್ನು ನೀವೇ ಹುಡುಕಿ ಅದರ ತಾಣಕ್ಕೆ ಹೋಗಿ, ನೀತಿ ಆಯೋಗದ ಎನ್‌ಜಿಒ ದರ್ಪಣ್‌ನಲ್ಲಿ ನೋಂದಣಿ ನೋಡಿ. ಹಣ ಕಳಿಸುವ ಮುಂಚೆ ಪರದೆಯ ಮೇಲೆ ಬರುವ ಖಾತೆಯ ಹೆಸರು ವ್ಯಕ್ತಿಯದೋ ಸಂಸ್ಥೆಯದೋ ಎಂದು ಓದಿ. ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಊರಿನ ಡಬ್ಬಿ ಸಂಗ್ರಹಕ್ಕೂ ನಿಯಮ ಬೇಕು: ಡಬ್ಬಿಗೆ ಸೀಲು, ಎಣಿಸುವಾಗ ನಾಲ್ಕು ಜನ, ಮೊತ್ತ ಊರಿನ ನೋಟಿಸಿನಲ್ಲಿ, ಬ್ಯಾಂಕಿಗೆ ಕಟ್ಟಿದ ಚಲನ್ನಿನ ಪ್ರತಿ ಅದರ ಪಕ್ಕದಲ್ಲಿ.

ಕಾರ್ಖಾನೆಗಳ ಪಾಲು ದೊಡ್ಡದಾಗಬಹುದು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ವಿಪತ್ತು ಪರಿಹಾರ, ಪುನರ್ವಸತಿ, ಪುನರ್ನಿರ್ಮಾಣ ಆ ಪಟ್ಟಿಯಲ್ಲಿವೆ. ಆದರೆ ಆ ಹಣ ದೇಶದೊಳಗೇ ಖರ್ಚಾಗಬೇಕು. ನೇಪಾಳಕ್ಕೋ ಟರ್ಕಿಗೋ ಕೊಡಬೇಕೆಂದರೆ ಕಾರ್ಮಿಕರ ಸ್ವಂತ ದುಡ್ಡೇ ಗತಿ.

ಹೊರದೇಶದ ಭೂಕಂಪಕ್ಕೆ ನಾವು ಕೊಡುವುದು ಹೇಗೆ? ನೇಪಾಳ ನಮಗೆ ಹೊರದೇಶವೆನಿಸುವುದೇ ಇಲ್ಲ. ಬೆಂಗಳೂರಿನ ಕಾವಲುಗಾರರು, ಹೋಟೆಲ್ ಕೆಲಸದವರಲ್ಲಿ ಎಷ್ಟೋ ಜನ ಅಲ್ಲಿಯವರು. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪದಲ್ಲಿ ಸುಮಾರು 9 ಸಾವಿರ ಜನ ಸತ್ತರು. ಪುನರ್ನಿರ್ಮಾಣ ಪ್ರಾಧಿಕಾರ ಕೆಲಸಕ್ಕೆ ಇಳಿದದ್ದು ಆ ವರ್ಷದ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಬೆಟ್ಟದ ಜನ ಒಂದು ಮಳೆಗಾಲವನ್ನು ಟಾರ್ಪಾಲು, ತಗಡಿನ ಕೆಳಗೆ ಕಳೆದು ಚಳಿಗಾಲಕ್ಕೆ ಕಾಲಿಟ್ಟಿದ್ದರು. ನಮಗೆ ಪರಿಚಯದ ನೇಪಾಳಿ ಕುಟುಂಬವಿದ್ದರೆ ಅವರ ಊರಿಗೇ ನೇರವಾಗಿ ನೆರವಾಗಬಹುದು. ರಿಸರ್ವ್ ಬ್ಯಾಂಕಿನ ಭಾರತ–ನೇಪಾಳ ಹಣ ರವಾನೆ ವ್ಯವಸ್ಥೆಯಲ್ಲಿ 2021ರಿಂದ ಖಾತೆಯ ಮೂಲಕ ಒಂದು ಸಲಕ್ಕೆ 2 ಲಕ್ಷ ರೂಪಾಯಿವರೆಗೆ ಕಳಿಸಬಹುದು. ಕುಸಿದ ಮನೆಯ ಯಜಮಾನನ ಕೈಗೇ ಹಣ ಸೇರುವ ಈ ದಾರಿ ಸರಳ, ಶುದ್ಧ.

2023ರ ಫೆಬ್ರುವರಿ 6ರಂದು ಟರ್ಕಿ, ಸಿರಿಯಾಗಳಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸತ್ತಾಗ ನಮ್ಮ ರಾಷ್ಟ್ರೀಯ ವಿಪತ್ತು ಸ್ಪಂದನೆ ಪಡೆಯ (ಎನ್‌ಡಿಆರ್‌ಎಫ್) ತಂಡಗಳು ಹೋದವು, ಸೇನೆ ಇಸ್ಕೆಂದೆರುನ್‌ನಲ್ಲಿ ಆಸ್ಪತ್ರೆ ತೆರೆಯಿತು. 2025ರ ಮಾರ್ಚ್ 28ರ ಮ್ಯಾನ್ಮಾರ್ ಭೂಕಂಪಕ್ಕೂ ಭಾರತ ಹಡಗು, ವಿಮಾನ ಕಳಿಸಿತು. ಯುದ್ಧ ನಡೆಯುತ್ತಿರುವ ದೇಶಕ್ಕೆ ಸಾಮಾನ್ಯರ ಹಣ ತಲುಪಿಸುವುದು ಕಷ್ಟ. ಅಂಥಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿರುವ ಯುನಿಸೆಫ್, ಗಡಿರಹಿತ ವೈದ್ಯರ ಸಂಘಟನೆ, ರೆಡ್ ಕ್ರಾಸ್‌ನಂಥವುಗಳೇ ದಾರಿ. ವಿದೇಶಿ ಸಂಸ್ಥೆಯ ಖಾತೆಗೆ ನೇರವಾಗಿ ಹಾಕಿದರೆ ಇಲ್ಲಿ ತೆರಿಗೆ ವಿನಾಯಿತಿ ಇಲ್ಲ.

ಹೊರನಾಡ ಕನ್ನಡಿಗರು ಇಲ್ಲಿಗೆ ಕೊಡುವಾಗ ಇನ್ನೊಂದು ತೊಡಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡ ಅಣ್ಣನೋ ಮಗಳೋ ಕೊಟ್ಟರೆ ವಿದೇಶಿ ದೇಣಿಗೆ. ಅದನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆ ಮಾತ್ರ, 2020ರ ತಿದ್ದುಪಡಿಯ ನಂತರ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೇ, ಪಡೆಯಬೇಕು. ಪಡೆದದ್ದನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚಿಕೊಡುವುದಕ್ಕೂ ಅದೇ ತಿದ್ದುಪಡಿ ತಡೆ ಹಾಕಿತು. ಭೂಕಂಪದಂಥ ಹೊತ್ತಿನಲ್ಲಿ ಈ ತಡೆ ನೋವಿನದು, ಏಕೆಂದರೆ ಕೊನೆಯ ಮೈಲಿ ನಡೆಯುವವು ಆ ಸಣ್ಣ ಸಂಸ್ಥೆಗಳೇ.

ಯಾರೂ ಸಾಯದ ಭೂಕಂಪಗಳೂ ಇವೆ, ಅವುಗಳಿಗೆ ಡಬ್ಬಿ ಹಿಡಿಯುವವರೇ ಇಲ್ಲ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ಕಡೆಯ ಗಡಿಕೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ದೊಡ್ಡದರ ತೀವ್ರತೆ 4.1. ಗೋಡೆಗಳು ಬಿರುಕು ಬಿಟ್ಟವು, ಜನ ರಾತ್ರಿಗಳನ್ನು ಬಯಲಲ್ಲಿ ಕಳೆದರು, ಎಷ್ಟೋ ಕುಟುಂಬಗಳು ಊರು ಬಿಟ್ಟವು. ಅವರಲ್ಲಿ ಕಿಲ್ಲಾರಿಯ ನೆನಪಿದ್ದವರೂ ಇದ್ದರು. ಅವರಿಗೆ ಬೇಕಾದದ್ದು ಮನೆಯೆದುರು ಮಲಗಲು ಒಂದು ತಗಡಿನ ಶೆಡ್ಡು, ಆಮೇಲೆ ಹಳೆ ಗೋಡೆಯನ್ನು ಗಟ್ಟಿ ಮಾಡುವ ಕೆಲಸ. ಬಿದ್ದ ಮನೆ ಕಟ್ಟಿಸುವುದಕ್ಕಿಂತ ಬೀಳದಂತೆ ಮಾಡುವುದಕ್ಕೆ ಕಡಿಮೆ ಖರ್ಚು, ಆದರೆ ಅದಕ್ಕೆ ಮನವಿ ಬರೆದವರೂ ಇಲ್ಲ, ಕೊಟ್ಟವರೂ ಇಲ್ಲ. ಲಾತೂರ್ ಕೂಡ 1993ರ ಮುಂಚೆ ಭೂಕಂಪದ ಭಯ ಅತಿ ಕಡಿಮೆ ಇರುವ ವಲಯವೆಂದೇ ನಕ್ಷೆಯಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ಮೊದಲನೆಯ ವಲಯವನ್ನೇ ತೆಗೆದುಹಾಕಿ ಲಾತೂರನ್ನು ಮೂರನೆಯದಕ್ಕೆ ಏರಿಸಿದರು. ನಮ್ಮ ಕಡೆಯೂ 1900ರ ಫೆಬ್ರುವರಿಯಲ್ಲಿ ಕೊಯಮತ್ತೂರು ಸುಮಾರು 6ರ ತೀವ್ರತೆಯಲ್ಲಿ ನಡುಗಿದ್ದುಂಟು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಭೂಕಂಪದ ಸುದ್ದಿ ಬಂದಾಗ ಕೊಡಬೇಕೆಂದಿರುವ ಮೊತ್ತವನ್ನು ಎರಡು ಪಾಲು ಮಾಡಿ. ಒಂದನ್ನು ಆ ವಾರವೇ, ರಕ್ಷಣೆ ಮತ್ತು ಊಟದ ಕೆಲಸದಲ್ಲಿರುವವರಿಗೆ ಕೊಡಿ. ಇನ್ನೊಂದನ್ನು ಬೇರೆಯಾಗಿ ಎತ್ತಿಟ್ಟು, ಒಂದು ಮಳೆಗಾಲ ಕಳೆದ ಮೇಲೆ ಆ ಊರಿನಲ್ಲಿ ಇನ್ನೂ ಉಳಿದು ಮನೆ ಕಟ್ಟಿಸುತ್ತಿರುವ, ಮಕ್ಕಳನ್ನು ಓದಿಸುತ್ತಿರುವ ಸಂಸ್ಥೆ ಯಾವುದೆಂದು ವಿಚಾರಿಸಿ ಅದಕ್ಕೆ ಕಳಿಸಿ. ಕಾರ್ಖಾನೆಯ ಸಂಘಗಳು, ಶಾಲೆಗಳು, ದೇವಸ್ಥಾನ, ಚರ್ಚು, ಮಸೀದಿಯ ಸಮಿತಿಗಳು ಸಂಗ್ರಹ ಶುರು ಮಾಡುವ ದಿನವೇ ಈ ಎರಡನೆಯ ಕಂತಿನ ತಾರೀಖನ್ನೂ ಗೊತ್ತು ಮಾಡಿ ನೋಟಿಸಿನಲ್ಲಿ ಬರೆದು ಹಾಕಲಿ.